ಬರ್ಲಿನ್ ಗೋಡೆ ಕಾದಿದ್ದ ಹುಡುಗ ಹ್ಯಾಮ್ಲೆಟ್ ಆದದ್ದು: ಉಲ್ರಿಖ್ ಮ್ಯೂಹೆ ನಡೆದ ದಾರಿ

ನಮಸ್ಕಾರ ಎಲ್ಲರಿಗೂ. ಈಗ ಕಾಣುತ್ತಿರುವುದು ಬರ್ಲಿನ್ನಿನ ಅಲೆಕ್ಸಾಂಡರ್‌ಪ್ಲಾಟ್ಸ್. ಅಲ್ಲಿ ಮಾತಾಡಿದ್ದೆಲ್ಲ ಗಾಳಿಗೆ ಹೋಯಿತು, ಅದಕ್ಕೇ ಮನೆಯಲ್ಲಿ ಕೂತು ಧ್ವನಿ ಕೊಡುತ್ತಿದ್ದೇನೆ.

ಇಲ್ಲಿಂದಲೇ ಶುರು ಮಾಡಬೇಕಿತ್ತು. 1989ರ ನವೆಂಬರ್ 4ರಂದು ಇಲ್ಲಿ ಲಕ್ಷಾಂತರ ಜನ ಸೇರಿದ್ದರು. ಪೂರ್ವ ಜರ್ಮನಿಯ ಸರ್ಕಾರವನ್ನು ಪ್ರಶ್ನಿಸಿದ ಆ ಸಭೆ ಕರೆದವರು ಬರ್ಲಿನ್ನಿನ ನಾಟಕದವರು. ವೇದಿಕೆ ಹತ್ತಿ ಮಾತಾಡಿದವರಲ್ಲಿ ಉಲ್ರಿಖ್ ಮ್ಯೂಹೆ ಒಬ್ಬರು. ಹೆಸರು ಹೊಳೆಯಲಿಲ್ವಾ? ‘ದಿ ಲೈವ್ಸ್ ಆಫ್ ಅದರ್ಸ್’ ಸಿನಿಮಾ ನೋಡಿದವರಿಗೆ ಮುಖ ಗೊತ್ತಿರುತ್ತದೆ. ಅಟ್ಟದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೆಳಗಿನ ಮನೆಯವರ ಮಾತು ಕದ್ದು ಕೇಳುತ್ತಾನಲ್ಲ, ಆ ಸ್ಟಾಸಿ, ಅಂದರೆ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಅಧಿಕಾರಿಯ ಪಾತ್ರ ಇವರದೇ.

ಹುಟ್ಟಿದ್ದು 1953ರಲ್ಲಿ, ಸ್ಯಾಕ್ಸನಿಯ ಗ್ರಿಮ್ಮಾ ಊರಿನಲ್ಲಿ. ಅಪ್ಪ ತುಪ್ಪಳದ ಉಡುಪು ಹೊಲಿಯುತ್ತಿದ್ದರು. ಮಗ ಮೊದಲು ಕಲಿತದ್ದು ಕಟ್ಟಡದ ಕೆಲಸ. ಆಮೇಲೆ ಸೇನೆಗೆ ಹೋದರೆ, ಬರ್ಲಿನ್ ಗೋಡೆ ಕಾಯಲು ಹಾಕಿದರು. ಆ ಕೆಲಸದಲ್ಲೇ ಹೊಟ್ಟೆಯಲ್ಲಿ ಹುಣ್ಣಾಯಿತು. ದಾಟಲು ಬಂದವರ ಮೇಲೆ ಗುಂಡು ಹಾರಿಸಬೇಕಾದ ಜಾಗ ಅದು. ಯಾವ ಹುಡುಗನಿಗೆ ಅನ್ನ ಸೇರುತ್ತದೆ ಹೇಳಿ. 1975ರಲ್ಲಿ ಲೈಪ್‌ಜಿಗ್‌ನ ನಾಟಕ ಶಾಲೆ ಸೇರಿದರು. ಆಮೇಲೆ ಇವತ್ತು ಕೆಮ್ನಿಟ್ಸ್ ಅನ್ನುವ ಊರಿನ ರಂಗಮಂದಿರ. ಅಲ್ಲಿಂದ ಬರ್ಲಿನ್‌ಗೆ.

ಇದು ಶೂಮಾನ್ ರಸ್ತೆ, ಎದುರಿಗಿರುವುದೇ ಡಾಯ್ಚಸ್ ಥಿಯೇಟರ್. 1983ರಿಂದ ಅವರು ಇಲ್ಲಿದ್ದರು.

ಒಂದು ನಿಮಿಷ, ಈ ನೀರಿನ ಬಾಟಲಿ ನೋಡಿ. ಹತ್ತಿರದ ಒಂದು ಕೆಫೆಯಲ್ಲಿ ಕಾಫಿ ಜೊತೆ ಒಂದು ಲೋಟ ನೀರು ಕೇಳಿದೆ. ನಲ್ಲಿ ನೀರು ಕೊಡುವುದಿಲ್ಲ ಅಂದರು. ಬಾಟಲಿಯೇ ಕೊಳ್ಳಬೇಕಂತೆ. ಕಾಲು ಲೀಟರ್, ನಾಲ್ಕು ಯೂರೋ! ಅದೂ ಗ್ಯಾಸ್ ತುಂಬಿದ ನೀರು. ನಮ್ಮಲ್ಲಿ ಹೋಟೆಲ್‌ಗೆ ಹೋಗಿ ಕೂತ ತಕ್ಷಣ ಏನು ಬೇಕು ಅಂತ ಕೇಳುವ ಮೊದಲೇ ನೀರು ಬಂದಿರುತ್ತದೆ. ಬಾಯಾರಿ ಬಂದವರ ಹತ್ತಿರ ನೀರಿಗೆ ದುಡ್ಡು ಕೇಳುವುದು ನನಗೆ ಒಂಚೂರೂ ಸರಿ ಅನಿಸುವುದಿಲ್ಲ. ಈ ನಗರದ ನಲ್ಲಿ ನೀರು ಸೊಗಸಾಗಿದೆ, ಮನೆಯಲ್ಲಿ ಬಹಳ ಜನ ಅದನ್ನೇ ಕುಡಿಯುತ್ತಾರೆ. ಕಾಫಿ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಆದರೂ ಆ ಕೆಫೆಗೆ ಮತ್ತೆ ಹೋಗಲ್ಲ.

ಅಯ್ಯೋ, ಈ ಶಾಟ್ ಮುಗಿಯುತ್ತಿದೆ. ಹ್ಯಾಮ್ಲೆಟ್! 1989ರಲ್ಲಿ ಹೈನರ್ ಮ್ಯೂಲರ್ ನಿರ್ದೇಶನದಲ್ಲಿ ಇಲ್ಲಿ ‘ಹ್ಯಾಮ್ಲೆಟ್’ ತಾಲೀಮು ನಡೆಯುತ್ತಿತ್ತು. ಹ್ಯಾಮ್ಲೆಟ್ ಆಗಿದ್ದವರು ಮ್ಯೂಹೆ. ತಾಲೀಮು ಮುಗಿಯುವ ಮೊದಲೇ ಗೋಡೆ ಬಿತ್ತು. 1990ರ ಮಾರ್ಚ್‌ನಲ್ಲಿ ಮೊದಲ ಪ್ರದರ್ಶನವಾದಾಗ ದೇಶವೇ ಮುಗಿಯುವ ಹಂತಕ್ಕೆ ಬಂದಿತ್ತು. ಕೊಳೆತ ರಾಜ್ಯದ ನಾಟಕ, ಅಂಥ ದಿನಗಳಲ್ಲಿ, ಒಂದೇ ರಾತ್ರಿ ಏಳೆಂಟು ಗಂಟೆ! ಅದನ್ನು ನೋಡಿದವರ ಮೇಲೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚು.

ಆಮೇಲೆ ಸಿನಿಮಾ ಜಾಸ್ತಿಯಾಯಿತು. ಮಿಖಾಯೆಲ್ ಹಾನೆಕೆಯ ‘ಫನ್ನಿ ಗೇಮ್ಸ್’ ನೋಡುವಾಗ ನಾನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಅದರಲ್ಲಿ ಹೆಂಡತಿಯಾಗಿ ನಟಿಸಿದ ಸುಜಾನೆ ಲೋಥಾರ್ ನಿಜ ಜೀವನದಲ್ಲೂ ಅವರ ಹೆಂಡತಿ. ಇಬ್ಬರೂ ಅಷ್ಟು ಚೆನ್ನಾಗಿ ಮಾಡಿದ್ದಾರೆ, ಅದೇ ಕಷ್ಟ. 1998ರಿಂದ ಒಂದು ಟಿವಿ ಸರಣಿಯಲ್ಲಿ ಶವಪರೀಕ್ಷೆ ಮಾಡುವ ಡಾಕ್ಟರ್ ಪಾತ್ರ. ಇಂಥ ನಟನಿಗೆ ಸೀರಿಯಲ್ ಯಾಕೆ ಅನಿಸಿತ್ತು. ಕೆಲವು ಕಂತು ನೋಡಿದ ಮೇಲೆ ಹಾಗೆ ಅನಿಸಲಿಲ್ಲ. ಜರ್ಮನಿಯ ಮನೆಮನೆಗೂ ಅವರನ್ನು ಮುಟ್ಟಿಸಿದ್ದು ಅದೇ.

ನಾವೀಗ ಯು5 ಮೆಟ್ರೋ ಹಿಡಿದು ಮಾಗ್ಡಲೇನೆನ್ ರಸ್ತೆಗೆ ಬಂದಿದ್ದೇವೆ. ಇದು ಸ್ಟಾಸಿಯ ಮುಖ್ಯ ಕಚೇರಿಯಾಗಿತ್ತು, ಈಗ ಮ್ಯೂಸಿಯಂ. ‘ದಿ ಲೈವ್ಸ್ ಆಫ್ ಅದರ್ಸ್’ನ ಸ್ಟಾಸಿ ಅಧಿಕಾರಿಯ ಪಾತ್ರಕ್ಕೆ ಹೇಗೆ ತಯಾರಾದಿರಿ ಅಂತ ಕೇಳಿದರೆ, ನೆನಪಿಸಿಕೊಂಡೆ ಅನ್ನುತ್ತಿದ್ದರು ಮ್ಯೂಹೆ. ಅವರ ಮೇಲೂ ಸ್ಟಾಸಿಯ ಕಣ್ಣಿತ್ತು. ಆ ಸಿನಿಮಾದಲ್ಲಿ ಅವರು ಅಳುವುದೂ ಕಡಿಮೆ, ಮಾತೂ ಕಡಿಮೆ. ಮುಖ ಅಲ್ಲಾಡಿಸದೆ ಒಬ್ಬ ಮನುಷ್ಯ ಒಳಗೊಳಗೇ ಬದಲಾಗುವುದನ್ನು ತೋರಿಸಿದ್ದಾರೆ. ಅಷ್ಟು ವರ್ಷ ರಂಗದ ಮೇಲೆ ನಿಂತವರಿಗೇ ಅದು ಸಾಧ್ಯ ಅಂತ ನಾನು ನಂಬುತ್ತೇನೆ.

2006ರಲ್ಲಿ ಯುರೋಪಿಯನ್ ಫಿಲ್ಮ್ ಅವಾರ್ಡ್ ಬಂತು. 2007ರ ಫೆಬ್ರವರಿಯಲ್ಲಿ ಸಿನಿಮಾಕ್ಕೆ ಆಸ್ಕರ್. ಅದೇ ಜುಲೈ 22ಕ್ಕೆ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. 54 ವರ್ಷ ಅಷ್ಟೇ. ಜಗತ್ತಿಗೆಲ್ಲ ಗೊತ್ತಾದ ವರ್ಷವೇ ಹೋಗಿಬಿಟ್ಟರು, ನನಗೆ ಇದು ಇನ್ನೂ ಸಂಕಟ.

ಮೇಲಿನ ಮಹಡಿಯಲ್ಲಿ ಸ್ಟಾಸಿ ಮಂತ್ರಿ ಮೀಲ್ಕೆಯ ಕೋಣೆಯನ್ನು ಹಾಗೇ ಇಟ್ಟಿದ್ದಾರೆ. ಬಾಗಿಲು ಹಾಕುವ ಹೊತ್ತಾಗುತ್ತಿದೆ, ಬೇಗ ಹತ್ತೋಣ ಬನ್ನಿ.