ನೆತ್ತಿಗೆ ಹತ್ತಿದ್ರೆ ಯಾರೋ ನೆನೆಸ್ಕೊಂಡಿದ್ದಲ್ಲ! ಬಾಯಿ, ಗಂಟಲು ಕ್ಯಾನ್ಸರ್ ಆದ್ಮೇಲೆ ನುಂಗೋ ಕಷ್ಟ

ನಮಸ್ಕಾರ ಎಲ್ರಿಗೂ. ಊಟ ಮಾಡ್ತಾ ನೆತ್ತಿಗೆ ಹತ್ತಿದ್ರೆ ತಲೆ ತಟ್ಟಿ "ಯಾರೋ ನೆನೆಸ್ಕೊಂಡ್ರು" ಅಂತೀವಲ್ಲ, ನಮ್ಮ ಮಾವನಿಗೆ ಗಂಟಲಿಗೆ ರೇಡಿಯೇಷನ್ ಮುಗಿದ್ಮೇಲೆ ದಿನಾ ನೆತ್ತಿಗೆ ಹತ್ತೋದು, ನಾವೂ ನಗ್ತಾ ತಲೆ ತಟ್ತಿದ್ವಿ. ಅದು ನೀರು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳೀತಿದ್ದಿದ್ದು ಅಂತ ಆಮೇಲೆ ಗೊತ್ತಾಯ್ತು.

ಸಾಮಾನ್ಯವಾಗಿ 30ರಿಂದ 35 ಸಿಟ್ಟಿಂಗ್ ರೇಡಿಯೇಷನ್ ಇರುತ್ತೆ, ಆರೇಳು ವಾರ. ಎಂಜಲು ಒಣಗುತ್ತೆ, ಗಂಟಲಿನ ಸ್ನಾಯು ಬಿಗಿಯಾಗ್ತಾ ಹೋಗುತ್ತೆ, ಕೆಲವ್ರಿಗೆ ಈ ಬಿಗಿ ಎಷ್ಟೋ ವರ್ಷ ಆದ್ಮೇಲೂ ಬರುತ್ತೆ.

ಎಲ್ರೂ ಮುದ್ದೆಗೆ ಹೆದರ್ತಾರೆ, ಆದ್ರೆ ತುಂಬಾ ಜನಕ್ಕೆ ತೊಂದ್ರೆ ಕೊಡೋದು ನೀರು. ಸರ್ರಂತ ಹರಿಯುತ್ತೆ, ಗಂಟಲು ಬಾಗಿಲು ಹಾಕ್ಕೊಳೋಕೆ ಟೈಮೇ ಸಿಗಲ್ಲ. ಅದರಲ್ಲೂ ನಾವು ಚೊಂಬು ಎತ್ತಿ, ತಲೆ ಹಿಂದಕ್ಕೆ ಹಾಕಿ, ತುಟಿಗೆ ತಾಗಿಸ್ದೆ ಗಟಗಟ ಕುಡೀತೀವಲ್ಲ, ನುಂಗೋದು ಕಲಿಸೋ ಥೆರಪಿಸ್ಟೇ ಹಾಗೆ ಹೇಳಿಕೊಟ್ಟಿದ್ರೆ ಬೇರೆ ಮಾತು, ಇಲ್ಲಾಂದ್ರೆ ಬೇಡ್ವೇ ಬೇಡ. ನೇರ ಕೂತ್ಕೊಂಡು ಸಣ್ಣ ಸಣ್ಣ ಗುಟುಕು. ಕೆಲವ್ರಿಗೆ ಗದ್ದ ಎದೆ ಕಡೆ ಬಗ್ಗಿಸಿ ನುಂಗೋಕೂ ಹೇಳ್ತಾರೆ.

ಇನ್ನೊಂದು, ಸಾರು ಅನ್ನ. ಮೆತ್ತಗಿದೆ ಅಂತ ಅದನ್ನೇ ಕೊಡ್ತೀವಿ, ಆದ್ರೆ ಬಾಯಲ್ಲಿ ಅಗುಳು ಅಗೀತಿರುವಾಗ್ಲೇ ಸಾರು ಮುಂಚೆ ಜಾರಿ ಹೋಗುತ್ತೆ, ಎರಡನ್ನೂ ಒಟ್ಟಿಗೆ ಸಂಭಾಳಿಸೋಕೆ ಗಂಟಲಿಗೆ ಆಗಲ್ಲ. ಚೆನ್ನಾಗಿ ಕಿವುಚಿದ ಮೊಸರನ್ನ ವಾಸಿ. ರಾಗಿ ಗಂಜಿನೂ ಸರಿ, ತೀರಾ ಗಟ್ಟಿ ಮಾಡಿದ್ರೆ ಮಾತ್ರ ಎಂಜಲಿಲ್ಲದ ಗಂಟಲಲ್ಲಿ ಅಂಟ್ಕೊಂಡು ಕೂರುತ್ತೆ.

ಕೆಮ್ಮು ಬಂದ್ರೆ ಒಂಥರಾ ಪುಣ್ಯ ಅನ್ಬೇಕು. ರೇಡಿಯೇಷನ್ ಆದ್ಮೇಲೆ ಸ್ಪರ್ಶನೇ ಕಮ್ಮಿ ಆಗಿ, ಕೆಮ್ಮೇ ಇಲ್ದೆ ಸದ್ದಿಲ್ದೆ ಶ್ವಾಸಕೋಶಕ್ಕೆ ಇಳಿಯೋದೂ ಇದೆ. ಊಟ ಆದ್ಮೇಲೆ ದನಿ ಗೊರಗೊರ ಅನ್ನೋದು, ಪದೇ ಪದೇ ಜ್ವರ, ನ್ಯುಮೋನಿಯಾ, ತೂಕ ಇಳಿಯೋದು, ಇವು ಕಂಡ್ರೆ ಕಾಯ್ಬೇಡಿ. ಎಕ್ಸ್‌ರೇಲಿ ಕಾಣೋ ಬೇರಿಯಂ ಅನ್ನೋ ದ್ರವ ಕುಡಿಸಿ, ನುಂಗೋದನ್ನ ಎಕ್ಸ್‌ರೇ ವಿಡಿಯೋ ತೆಗೀತಾರೆ, ಇಲ್ಲಾ ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡ್ತಾರೆ.

ಯಾರ ಹತ್ರ ಹೋಗೋದು? ಸ್ಪೀಚ್ ಥೆರಪಿಸ್ಟ್ ಹತ್ರ. ತೊದಲೋ ಮಕ್ಕಳಿಗೆ ಮಾತ್ರ ಅನ್ಕೊಂಡಿದ್ದೆ ನಾನೂ, ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಥರದ ಕಡೆ ಓದಿ ಬರೋರು ನುಂಗೋದನ್ನೂ ಕಲಿಸ್ತಾರೆ. ರೇಡಿಯೇಷನ್ ಶುರು ಆಗೋಕೆ ಮುಂಚೆನೇ ಹೋದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಊಟಕ್ಕೆ ಅಂತ ಮೂಗಿಗೆ ಟ್ಯೂಬ್ ಹಾಕಿದ್ರೂ, ಡಾಕ್ಟ್ರು ಬೇಡ ಅನ್ನದಿದ್ರೆ, ದಿನಾ ಸ್ವಲ್ಪ ನುಂಗ್ತಾ ಇರ್ಬೇಕು, ಕೆಲ್ಸ ಇಲ್ಲದ ಸ್ನಾಯು ಸೋತೋಗುತ್ತೆ. ದವಡೆ ಬಿಗಿಯಾಗಿದ್ಯಾ ಅಂತ ತಿಳಿಯೋಕೆ, ಬಾಯಿ ಮೂರು ಬೆರಳು ಹಿಡಿಸೋಷ್ಟು ತೆಗಿಯೋಕಾಗುತ್ತಾ ಅಂತಾನೂ ನೋಡ್ಕೊಳಿ.

ಮಾವ ಈಗ ಒಂದು ಬಟ್ಲು ಮೊಸರನ್ನಕ್ಕೆ ಮುಕ್ಕಾಲು ಗಂಟೆ ತಗೋತಾರೆ. ಟಿವಿ ಆಫ್. ಮಧ್ಯ ಯಾರಾದ್ರೂ ಮಾತಾಡ್ಸಿದ್ರೆ ಕೈ ಎತ್ತಿ ತಡೀತಾರೆ, ನುಂಗ್ತಾರೆ, ಆಮೇಲೆ ಬೈತಾರೆ.