ಎರಡು ದಿನದ ಮಡಿಕೇರಿ: ಮಾರುವುದೊಂದು, ಇರುವುದೊಂದು

ನಮಸ್ಕಾರ. ಇಂದಿನ ಸಂಚಿಕೆಯ ವಿಷಯ, ಬೆಂಗಳೂರಿನಿಂದ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮರಳುವ ಮಡಿಕೇರಿ ಪ್ರವಾಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಯೋಗ್ಯತೆಗೆ ಮೀರಿ ಹೊಗಳಿಸಿಕೊಂಡಿರುವ ವಾರಾಂತ್ಯದ ಪ್ರವಾಸಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲೇ ಜಾಗವಿದೆ. ಕೊಡಗಿನವರು ಯಾರಾದರೂ ಕೇಳುತ್ತಿದ್ದರೆ ಬೇಸರಿಸಿಕೊಳ್ಳಬೇಡಿ; ನನ್ನ ತಕರಾರು ಕೊಡಗಿನ ಮೇಲಲ್ಲ, ಮಡಿಕೇರಿಯ ಮೇಲೂ ಅಲ್ಲ. ಆ ಊರಿನ ಹೆಸರಿನಲ್ಲಿ ನಮಗೆ ಮಾರಲಾಗುತ್ತಿರುವುದು ಆ ಊರಲ್ಲ ಎಂಬುದೇ ನನ್ನ ದೂರು. ಹಾಗೆ ಮಾರುವ ಭರದಲ್ಲಿ, ಆ ಊರಿನಲ್ಲಿ ನಿಜವಾಗಿ ನೋಡಬೇಕಾದದ್ದನ್ನು ಯಾರೂ ತೋರಿಸುತ್ತಿಲ್ಲ ಎಂಬುದು ಅದಕ್ಕಿಂತ ದೊಡ್ಡ ದೂರು.

ಮೊದಲು ದಾರಿಯ ಲೆಕ್ಕ ನೋಡೋಣ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಹೊಸ ರೂಪದಲ್ಲಿ ಉದ್ಘಾಟನೆಯಾದ ಮೇಲೆ, ಮಡಿಕೇರಿ ಹತ್ತಿರವಾಯಿತು ಎಂಬ ಭಾವನೆ ಎಲ್ಲರಲ್ಲೂ ಬಂದಿದೆ. ಆದರೆ ಹತ್ತಿರವಾದದ್ದು ಮೈಸೂರು. ಅಲ್ಲಿಂದ ಮುಂದೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪ ದಾಟಿ ಹೋಗುವ ಇನ್ನೂ 120 ಕಿಲೋಮೀಟರ್ ದಾರಿ ಹಾಗೆಯೇ ಇದೆ. ಕುಶಾಲನಗರದ ನಂತರ ಅದು ಏರುದಾರಿ, ತಿರುವುಗಳ ದಾರಿ. ಕೊಡಗು ಜಿಲ್ಲೆಗೆ ರೈಲು ಮಾರ್ಗವಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಬರುವವರೆಲ್ಲರೂ ರಸ್ತೆಯಲ್ಲೇ ಬರಬೇಕು. ಅಗಲವಾದ ಹೆದ್ದಾರಿಯಲ್ಲಿ ಬೇಗ ಬೇಗ ಬಂದ ಕಾರುಗಳೆಲ್ಲ ಈ ಕಿರಿದಾದ ದಾರಿಯಲ್ಲಿ ಒಂದರ ಹಿಂದೆ ಒಂದು ಸೇರಿಕೊಳ್ಳುತ್ತವೆ. ನಸುಕಿನಲ್ಲಿ ಹೊರಟವರು ಸಹ ಊಟದ ಹೊತ್ತಿಗೆ ಹೋಟೆಲ್ ಸೇರಿದರೆ ಅದೃಷ್ಟ. ಭಾನುವಾರ ಮಧ್ಯಾಹ್ನ ಮತ್ತೆ ಹೊರಡಬೇಕಾದ್ದರಿಂದ, ಎರಡು ದಿನದ ಪ್ರವಾಸ ಎಂದು ಕರೆಸಿಕೊಳ್ಳುವ ಇದರಲ್ಲಿ ಊರಿಗೆ ಸಿಗುವುದು ಒಂದು ಸಂಜೆ ಮತ್ತು ಒಂದು ಬೆಳಿಗ್ಗೆ ಮಾತ್ರ.

ಆ ಒಂದು ಸಂಜೆ, ಒಂದು ಬೆಳಿಗ್ಗೆಯೊಳಗೆ ಮುಗಿಸಬೇಕಾದ ಪಟ್ಟಿಯೂ ಸಿದ್ಧವಾಗಿಯೇ ಇರುತ್ತದೆ. ಟ್ಯಾಕ್ಸಿ ಚಾಲಕರ ಬಳಿ ಕೇಳಿ, ಹೋಟೆಲಿನ ಕೌಂಟರಿನಲ್ಲಿ ಕೇಳಿ, ಮೊಬೈಲಿನಲ್ಲಿ ಹುಡುಕಿ, ಎಲ್ಲೆಡೆ ಅದೇ ಹೆಸರುಗಳು: ರಾಜಾಸೀಟ್, ಅಬ್ಬಿ ಜಲಪಾತ, ಮಾಂದಲಪಟ್ಟಿ ಬೆಟ್ಟ, ದುಬಾರೆ ಆನೆ ಶಿಬಿರ, ಗೋಲ್ಡನ್ ಟೆಂಪಲ್. ಇವುಗಳಲ್ಲಿ ಗೋಲ್ಡನ್ ಟೆಂಪಲ್ ಎಂದು ಕರೆಯುವ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರ ಕೊಡಗಿನಲ್ಲೇ ಇಲ್ಲ. ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದು. ನಾಡು ತೊರೆದು ಬಂದ ಟಿಬೆಟಿಯನ್ನರು 1960ರ ದಶಕದಲ್ಲಿ ಕಟ್ಟಿಕೊಂಡ ಬದುಕಿನ ನಡುವೆ ಇರುವ ಆ ವಿಹಾರವನ್ನು, ಕೊಡಗಿನ ಒಂದು 'ಪಾಯಿಂಟ್' ಎಂದು ಅರ್ಧ ಗಂಟೆಯಲ್ಲಿ ಮುಗಿಸುವುದರಿಂದ ಎರಡು ಸಮುದಾಯಗಳಿಗೂ ಅನ್ಯಾಯವಾಗುತ್ತದೆ. ದುಬಾರೆಗೂ ಮಡಿಕೇರಿಗೂ ಸಂಬಂಧ ಕಡಿಮೆ. ಅದು ಕುಶಾಲನಗರದ ಕಡೆಯದು. ಹೀಗೆ ಪಟ್ಟಿಯ ಅರ್ಧದಷ್ಟು ಜಾಗಗಳು ಮಡಿಕೇರಿಯಿಂದ ಹೊರಗೇ ಇದ್ದು, ಪ್ರವಾಸಿಗರು ಆ ಸ್ವಲ್ಪ ಸಮಯದ ಬಹುಭಾಗವನ್ನು ಮತ್ತೆ ಕಾರಿನೊಳಗೇ ಕಳೆಯುತ್ತಾರೆ.

ರಾಜಾಸೀಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅರಸರು ಸೂರ್ಯಾಸ್ತ ನೋಡಲು ಕುಳಿತುಕೊಳ್ಳುತ್ತಿದ್ದರು ಎನ್ನಲಾಗುವ ಆ ಚಿಕ್ಕ ಮಂಟಪ ನಿಜಕ್ಕೂ ಸುಂದರವಾದ ಜಾಗದಲ್ಲಿದೆ. ಎದುರಿಗೆ ಕಣಿವೆ, ಅದರಾಚೆ ಒಂದರ ಹಿಂದೆ ಒಂದು ಮಸುಕಾಗುತ್ತ ಹೋಗುವ ಬೆಟ್ಟಗಳು. ಆದರೆ ಶನಿವಾರ ಸಂಜೆ ಐದೂವರೆಯ ಹೊತ್ತಿಗೆ ಅಲ್ಲಿ ನಿಂತು ನೋಡಿ. ಕಂಬಿಯ ಪಕ್ಕದಲ್ಲಿ ಜಾಗ ಹಿಡಿದವರು ಬಿಟ್ಟುಕೊಡುವುದಿಲ್ಲ. ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರು ಎತ್ತಿ ಹಿಡಿದ ಮೊಬೈಲುಗಳ ಪರದೆಯಲ್ಲಿನ ಸೂರ್ಯ. ಮಕ್ಕಳು ಹೆಗಲೇರಲು ಹಟ ಹಿಡಿಯುತ್ತಾರೆ, ವಯಸ್ಸಾದವರು ಕುಳಿತುಕೊಳ್ಳಲು ಜಾಗ ಹುಡುಕುತ್ತಾರೆ, ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಎಲ್ಲವನ್ನೂ ಮುಚ್ಚಿಬಿಟ್ಟರೆ, ಇದಕ್ಕೇ ಇಷ್ಟು ದೂರ ಬಂದೆವಾ ಎಂಬ ಮಾತು ಹತ್ತು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ಆ ಮಂಜು ಅಲ್ಲಿಯ ಸಹಜ ಹವೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಊರಿನಲ್ಲಿ ಮಂಜು ಬರದೆ ಇನ್ನೆಲ್ಲಿ ಬರಬೇಕು? ಆದರೆ ಒಂದೇ ಸಂಜೆಯ ಮೇಲೆ ಎಲ್ಲ ಆಸೆಯನ್ನೂ ಇಟ್ಟುಕೊಂಡು ಬಂದವರಿಗೆ ಊರಿನ ಹವೆಯೇ ವೈರಿಯಾಗಿ ಕಾಣುತ್ತದೆ.

ಅಬ್ಬಿ ಜಲಪಾತದ ಕಥೆಯೂ ಇದೇ. ಮಳೆಗಾಲದಲ್ಲಿ ಅದರ ಸದ್ದು ತೋಟದ ದಾರಿಯಲ್ಲೇ ಕೇಳಿಸುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಬಂಡೆಯ ಮೇಲೆ ಸಣ್ಣಗೆ ನೀರಿಳಿಯುತ್ತಿರುತ್ತದೆ. ಜಾಹೀರಾತಿನ ಫಲಕದಲ್ಲಿ ಮಾತ್ರ ವರ್ಷವಿಡೀ ಆಗಸ್ಟ್ ತಿಂಗಳೇ ಇರುತ್ತದೆ. ಶಾಲಾ ರಜೆ ಬೇಸಿಗೆಯಲ್ಲಿ ಬರುವುದರಿಂದ ಕುಟುಂಬಗಳು ಹೆಚ್ಚಾಗಿ ಹೋಗುವುದು ಆಗಲೇ. ನೀರು ಕಡಿಮೆ ಇರುವಾಗ ಕಡಿಮೆ ಇದೆ ಎಂದು ಮೊದಲೇ ಹೇಳುವ ಪ್ರಾಮಾಣಿಕತೆ ಈ ವ್ಯಾಪಾರದಲ್ಲಿ ನನಗೆ ಎಲ್ಲೂ ಕಂಡಿಲ್ಲ.

ಇನ್ನು ಚಿತ್ರಗಳಲ್ಲಿ ತೋರಿಸುವ ಕಾಫಿ ತೋಟ. ಬೆಟ್ಟದ ತುಂಬ ಬಿಳಿ ಹೂ ಬಿಟ್ಟ ಗಿಡಗಳು, ಮಲ್ಲಿಗೆಯನ್ನು ನೆನಪಿಸುವ ಆ ಪರಿಮಳ, ಇವು ಕಟ್ಟುಕಥೆಯಲ್ಲ. ಆದರೆ ಆ ಹೂ ಬರುವುದು ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲಿ, ಹೂಮಳೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆಯ ಮಳೆ, ಬಿದ್ದು ಒಂದು ವಾರ ಹತ್ತು ದಿನದ ಮೇಲೆ. ಅರಳಿದ ಹೂ ನಿಲ್ಲುವುದು ಕೆಲವೇ ದಿನ. ಮಳೆ ಯಾವ ದಿನ ಬೀಳುತ್ತದೆ ಎಂಬುದು ಬೆಳೆಗಾರರಿಗೇ ತಿಳಿಯದು. ಎಷ್ಟೋ ತೋಟಗಳಲ್ಲಿ ಅದಕ್ಕಾಗಿ ಸ್ಪ್ರಿಂಕ್ಲರ್ ಹಾಕಿ ನೀರು ಕೊಡುತ್ತಾರೆ. ಎರಡು ತಿಂಗಳ ಮೊದಲೇ ಕೋಣೆ ಕಾದಿರಿಸಿದ ಪ್ರವಾಸಿಗೆ ಆ ಹೂ ಸಿಕ್ಕರೆ ಅದು ಅವನ ಪುಣ್ಯ. ಅದೂ ಅಲ್ಲದೆ ತೋಟ ಎಂದರೆ ಒಬ್ಬರ ಆಸ್ತಿ, ನೂರಾರು ಜನರ ಕೆಲಸದ ಜಾಗ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯಲ್ಲಿ, ಕೊಯ್ಲಿನ ಕಾಲಕ್ಕೆ ಕಣದಲ್ಲಿ ಕಾಫಿ ಹರವಿ ಒಣಗಿಸುವವರಿಗೆ, ಗೇಟು ತೆರೆದು ಒಳಬಂದು ಫೋಟೊ ತೆಗೆಯುವವರನ್ನು ಸುಧಾರಿಸುವ ವ್ಯವಧಾನ ಎಲ್ಲಿಂದ ಬರಬೇಕು? ಹೀಗಾಗಿ ಹೆಚ್ಚಿನವರ ಪಾಲಿಗೆ ಕಾಫಿ ತೋಟವೆಂದರೆ ಬೇಲಿಯ ಆಚೆಗೆ ಕಾರಿನ ಕಿಟಕಿಯಿಂದ ಕಂಡ ಹಸಿರು.

ಕಾಫಿ ನಾಡಿಗೆ ಹೋದ ನೆನಪಿಗೆಂದು ಕೊಳ್ಳುವ ಪುಡಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಂಗಡಿಯಲ್ಲಿ ಪೊಟ್ಟಣದ ಮುಂಭಾಗ ನೋಡಿ ಕೊಳ್ಳಬೇಡಿ, ತಿರುಗಿಸಿ ಹಿಂಭಾಗ ಓದಿ. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಅಲ್ಲಿ ನಮೂದಿಸಬೇಕೆಂಬ ನಿಯಮವಿದೆ. ಮಿಶ್ರಣದಲ್ಲಿ ಶೇಕಡಾ 49ರವರೆಗೆ ಚಿಕೋರಿ ಇರಲು ಕಾನೂನಿನ ಅನುಮತಿಯೂ ಇದೆ. ಚಿಕೋರಿ ಬೆರೆಸಿದ ಕಾಫಿ ಇಷ್ಟಪಡುವವರು ಕುಡಿಯಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಥ ಪುಡಿಯನ್ನು ಮನೆಯ ಪಕ್ಕದ ಅಂಗಡಿಯಲ್ಲೇ ಕೊಳ್ಳಬಹುದಿತ್ತು. ಊಟದ ವಿಷಯದಲ್ಲೂ ಪರಿಸ್ಥಿತಿ ಭಿನ್ನವಾಗಿಲ್ಲ. ಕಡುಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ, ಕಾಚಂಪುಳಿ ಹಾಕಿ ಮಾಡಿದ ಪಂದಿ ಕರಿ, ಮಳೆಗಾಲದ ಕಳಲೆ ಮತ್ತು ಅಣಬೆಯ ಸಾರು ಇವೆಲ್ಲ ಇರುವ ನಾಡಿನಲ್ಲಿ, ಪ್ರವಾಸಿಗರ ತಟ್ಟೆಗೆ ಬರುವುದು ಹೆಚ್ಚಾಗಿ ಗೋಬಿ ಮಂಚೂರಿ ಮತ್ತು ಪನೀರ್ ಬಟರ್ ಮಸಾಲ.

ಈಗ ನನಗೆ ಅತ್ಯಂತ ನೋವು ತರುವ ಭಾಗಕ್ಕೆ ಬರುತ್ತೇನೆ. ಮಡಿಕೇರಿ ಒಂದು ಕಾಲದ ರಾಜಧಾನಿ. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿಗೆ ತನ್ನ ಆಡಳಿತವನ್ನು ತಂದ. ಅವನು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಮುಂದೆ ಟಿಪ್ಪು ಸುಲ್ತಾನ್ ಕಲ್ಲಿನಲ್ಲಿ ಕಟ್ಟಿಸಿದ. ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ಅದನ್ನು ಟಿಪ್ಪುವಿನಿಂದ ಮರಳಿ ಪಡೆದ. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅಲ್ಲಿ ಅರಮನೆ ಕಟ್ಟಿಸಿದ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ನಾಡನ್ನು ವಶಪಡಿಸಿಕೊಂಡರು. ಸ್ವಾತಂತ್ರ್ಯದ ನಂತರವೂ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, 24 ಸದಸ್ಯರ ವಿಧಾನಸಭೆಯೂ ಒಬ್ಬ ಮುಖ್ಯಮಂತ್ರಿಯೂ ಇದ್ದರು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದಲ್ಲಿ ಸೇರಿತು. ಇಷ್ಟೆಲ್ಲ ನಡೆದ ಕೋಟೆ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಒಳಗೆ ಗಾರೆಯಲ್ಲಿ ಮಾಡಿದ ನಿಜ ಗಾತ್ರದ ಎರಡು ಆನೆಗಳಿವೆ. 1855ರಲ್ಲಿ ಕಟ್ಟಿದ ಇಗರ್ಜಿಯ ಕಟ್ಟಡವೇ ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಕೊಡಗಿನ ಮೂರು ಶತಮಾನಗಳನ್ನು ಇಷ್ಟು ಚಿಕ್ಕ ಆವರಣದಲ್ಲಿ ಬೇರೆಲ್ಲೂ ನೋಡಲಾಗದು, ಆದರೂ ರಾಜಾಸೀಟಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ ಇಲ್ಲಿ ನೆಮ್ಮದಿಯಾಗಿ ಓಡಾಡಬಹುದು.

ಗದ್ದಿಗೆಗೆ ಹೋಗುವವರು ಇನ್ನೂ ಕಡಿಮೆ. ಊರಿನ ಒಂದು ಎತ್ತರದ ಜಾಗದಲ್ಲಿರುವ ಅರಸರ ಸಮಾಧಿಗಳಿವು. ಶಿವಭಕ್ತರಾದ ವೀರಶೈವ ಅರಸರ ಸಮಾಧಿಯ ಮೇಲೆ ಮುಸ್ಲಿಂ ವಾಸ್ತುಶೈಲಿಯ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳನ್ನು ಹೋಲುವ ಗೋಪುರಗಳು. 1820ರಲ್ಲಿ ಪೂರ್ಣಗೊಂಡ ಓಂಕಾರೇಶ್ವರ ದೇವಸ್ಥಾನದಲ್ಲೂ ಇದೇ ಬಗೆಯ ಗುಮ್ಮಟವನ್ನು ಕಾಣಬಹುದು. ದೊಡ್ಡವೀರರಾಜೇಂದ್ರನ ಗದ್ದಿಗೆಯ ಆವರಣದಲ್ಲೇ, ಟಿಪ್ಪುವಿನ ಸೇನೆಯೊಡನೆ ಹೋರಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ, ಅವನ ಮಗ ಸೋಮಯ್ಯನದೂ ಇದೆ. ಅರಸನ ಪಕ್ಕದಲ್ಲಿ ಸೇನಾನಿಗೆ ಜಾಗ ಕೊಟ್ಟ ನಾಡು ಎಂಥದ್ದು ಎಂದು ತಿಳಿಯಬೇಕಾದರೆ ಅಲ್ಲಿ ಒಂದು ಗಂಟೆ ಕಳೆಯಬೇಕು. ಭಾರತದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಬೆಳೆದ ಮನೆ 2021ರಿಂದ ಸಂಗ್ರಹಾಲಯವಾಗಿ ತೆರೆದಿದೆ. ನಾಡಿನ ಸೈನಿಕ ಪರಂಪರೆಯ ಮುಂದಿನ ಅಧ್ಯಾಯವನ್ನು ಅಲ್ಲಿ ಓದಿಕೊಳ್ಳಬಹುದು. ಇವುಗಳಲ್ಲಿ ಯಾವುದೂ ಮಂಜು ಬಂದರೆ ಮುಚ್ಚಿಹೋಗುವುದಿಲ್ಲ, ಬೇಸಿಗೆ ಬಂದರೆ ಬತ್ತುವುದೂ ಇಲ್ಲ. ಆದರೆ ಈ ಜಾಗಗಳ ಹಿಂದೆ ಜೀಪ್ ಬಾಡಿಗೆಯಿಲ್ಲ, ಚಾಕೊಲೇಟ್ ಅಂಗಡಿಯ ಕಮಿಷನ್ ಇಲ್ಲ. ಪಟ್ಟಿಯಲ್ಲಿ ಇವು ಕೊನೆಗೆ ಉಳಿಯಲು ಬೇರೆ ಕಾರಣ ನನಗೆ ತೋಚುವುದಿಲ್ಲ.

ಪ್ರವಾಸಿಗರ ನಿರಾಸೆ ಒಂದು ಕಡೆಯಾದರೆ, ಆ ಊರು ಹೊರುತ್ತಿರುವ ಭಾರ ಇನ್ನೊಂದು ಕಡೆ. 2011ರ ಜನಗಣತಿಯ ಪ್ರಕಾರ ಮಡಿಕೇರಿ ನಗರದ ಜನಸಂಖ್ಯೆ 33,381. ಬೆಂಗಳೂರಿನ ಒಂದು ಸಾಧಾರಣ ವಾರ್ಡಿನಷ್ಟು ಜನರಿರುವ ಈ ಗುಡ್ಡದ ಊರು ತನ್ನ ಕಿರಿದಾದ ಬೀದಿಗಳಲ್ಲಿ, ತನ್ನದೇ ನೀರು ಪೂರೈಕೆಯಲ್ಲಿ, ತನ್ನದೇ ಕಸ ವಿಲೇವಾರಿಯಲ್ಲಿ, ದಸರಾ ಮತ್ತು ವರ್ಷದ ಕೊನೆಯ ರಜೆಗಳಲ್ಲಿ ಬರುವ ಎಲ್ಲರನ್ನೂ ಸುಧಾರಿಸಬೇಕು. 2018ರ ಆಗಸ್ಟ್ ತಿಂಗಳನ್ನು ನಾವು ಮರೆತರೂ ಅಲ್ಲಿಯವರು ಮರೆಯಲಾರರು. ಮಕ್ಕಂದೂರು, ಜೋಡುಪಾಲ ಭಾಗದಲ್ಲಿ ಗುಡ್ಡಗಳೇ ಜಾರಿ ಬಂದು ಮನೆ, ತೋಟ, ರಸ್ತೆಗಳನ್ನು ನುಂಗಿದವು. ಮಳೆ ವಿಪರೀತವಾಗಿತ್ತು ನಿಜ. ಆದರೆ ಇಳಿಜಾರನ್ನು ಕಡಿದು ಮಟ್ಟ ಮಾಡಿದ್ದೂ ಕುಸಿತಕ್ಕೆ ಕಾರಣಗಳಲ್ಲಿ ಒಂದು ಎಂದು ಭೂವಿಜ್ಞಾನಿಗಳು ಹೇಳಿದರು. ಇಳಿಜಾರನ್ನು ಕಡಿಯುವುದು ರಸ್ತೆಗಾಗಿ, ಮನೆಗಾಗಿ, ಮತ್ತು ಕಣಿವೆಯ ನೋಟ ಬೇಕೆನ್ನುವ ನಮ್ಮಂಥವರು ಉಳಿದುಕೊಳ್ಳುವ ಕೋಣೆಗಳಿಗಾಗಿ.

ಪ್ರವಾಸಿಗರು ಬಾರದಿದ್ದರೆ ಜೀಪ್ ಓಡಿಸುವವರು, ಹೋಂಸ್ಟೇ ನಡೆಸುವವರು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಸಣ್ಣ ಬೆಳೆಗಾರರ ಮನೆಯನ್ನು ನಡೆಸಿದ್ದು ಹೋಂಸ್ಟೇಯ ಆದಾಯವೇ. ಆ ದುಡಿಮೆಯನ್ನು ನಾನು ಗೌರವಿಸುತ್ತೇನೆ. ಆದರೆ ಎರಡೇ ದಿನಗಳಲ್ಲಿ ಎಲ್ಲರನ್ನೂ ತುಂಬಿ, ಉಳಿದ ಐದು ದಿನ ಖಾಲಿ ಬಿಡುವ ವ್ಯವಸ್ಥೆಯಿಂದ ಅವರಿಗೆ ಸಿಗುವ ಲಾಭಕ್ಕಿಂತ, ಬಂದವರು ಹೆಚ್ಚು ದಿನ ಉಳಿದು ನಿಧಾನವಾಗಿ ಖರ್ಚು ಮಾಡುವುದರಿಂದ ಸಿಗುವ ಲಾಭ ಹೆಚ್ಚು ಎಂದು ನಾನು ನಂಬುತ್ತೇನೆ. ನೆರೆಯ ತಮಿಳುನಾಡಿನ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಲ್ಲಿ ಇ-ಪಾಸ್, ಅಂದರೆ ಪ್ರವಾಸಿ ವಾಹನಗಳು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕಾದ ಪ್ರವೇಶ ಚೀಟಿ, ಜಾರಿಗೆ ಬಂತು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳು ಎಂಬ ಮಿತಿಯನ್ನೂ ಹಾಕಲಾಯಿತು, ಸರ್ಕಾರಿ ಬಸ್ಸುಗಳಿಗೆ ಅದರಿಂದ ವಿನಾಯಿತಿ ಕೊಡಲಾಯಿತು. ಕೊಡಗಿನಲ್ಲೂ ಇಂಥದ್ದೊಂದು ಮಿತಿ ಬರಲೇಬೇಕು. ಕುಶಾಲನಗರದಲ್ಲೇ ಕಾರು ನಿಲ್ಲಿಸಲು ವ್ಯವಸ್ಥೆ ಮಾಡಿ, ಅಲ್ಲಿಂದ ಮಡಿಕೇರಿಗೆ ಮೇಲಿಂದ ಮೇಲೆ ಬಸ್ ಬಿಟ್ಟರೆ, ಊರಿನೊಳಗಿನ ದಟ್ಟಣೆಯೂ ಇಳಿಯುತ್ತದೆ, ಸ್ಥಳೀಯ ಆಟೋ ಮತ್ತು ಜೀಪಿನವರಿಗೆ ಕೆಲಸವೂ ಸಿಗುತ್ತದೆ.

ಕೇಳುತ್ತಿರುವ ನಿಮ್ಮಲ್ಲಿ ಯಾರಾದರೂ ಮುಂದಿನ ವಾರಾಂತ್ಯಕ್ಕೆ ಮಡಿಕೇರಿಯಲ್ಲಿ ಕೋಣೆ ಹುಡುಕುತ್ತಿದ್ದರೆ, ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಎರಡೇ ದಿನವಿದ್ದರೆ ಮೈಸೂರಿನಲ್ಲೇ ಇಳಿಯಿರಿ; ರೈಲಿದೆ, ದಾರಿಯಲ್ಲಿ ದಿನ ಹಾಳಾಗುವುದಿಲ್ಲ. ಕೊಡಗನ್ನೇ ನೋಡಬೇಕೆಂದಿದ್ದರೆ ವಾರದ ನಡುವೆ ನಾಲ್ಕು ದಿನ ರಜೆ ಸಿಗುವವರೆಗೆ ಕಾಯಿರಿ, ನೋಂದಾಯಿತ ಹೋಂಸ್ಟೇಯನ್ನೇ ಕೇಳಿ ಆರಿಸಿಕೊಳ್ಳಿ, ಮನೆಯವರೇ ಅಡುಗೆ ಮಾಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಮಡಿಕೇರಿಗೆ ಒಂದು ಇಡೀ ದಿನ ಕೊಡಿ. ಬೆಳಿಗ್ಗೆ ಕೋಟೆ ಮತ್ತು ಸಂಗ್ರಹಾಲಯ, ಮಧ್ಯಾಹ್ನದ ನಂತರ ಗದ್ದಿಗೆ. ಸರ್ಕಾರಿ ಸಂಗ್ರಹಾಲಯಗಳಿಗೆ ವಾರದಲ್ಲಿ ಒಂದು ದಿನ ರಜೆ ಇರುವುದರಿಂದ, ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.