ಒಂದನೇತ್ತಾದ ಮಕ್ಕಳು

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಧಾರವಾಡ ಜಿಲ್ಲೆಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದನೇತ್ತಾದ, ಅಂದರೆ ಒಂದನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮೂರು ಹುಬ್ಬಳ್ಳಿ-ಗದಗ ರಸ್ತೆಯ ಮೇಲಿದೆ. ಜುಲೈ ತಿಂಗಳು ಬಂತೆಂದರೆ ಯಾರಾದರೂ ಒಬ್ಬ ತಾಯಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಅಕ್ಕೋರೇ, ಸಾಲಿ ಸುರು ಆಗಿ ತಿಂಗಳ ಮ್ಯಾಲಾತು. ನಮ್ಮ ಹುಡುಗಿಗೆ ಇನ್ನೂ ಅ ಆ ಇ ಈ ಬರವಲ್ದು. ಏನ್ ಕಲಿಸಾಕತ್ತೀರಿ?"

ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳುವ ಉತ್ತರವಲ್ಲ ಇದು. ಇವತ್ತು ಸಮಾಧಾನವಾಗಿ ಹೇಳುತ್ತೇನೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಣ್ಣ ಮಕ್ಕಳಿಗೆ ಕಾರ್ಡು ಹಿಡಿದು ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ತುಂಬ ಹರಡಿತು. ಇದರಲ್ಲಿ ಮಗು ಮೊದಲು ಕಲಿಯುವುದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಈ ಅಕ್ಷರಗಳ ತಿರುವು ಕೈಗೆ ಸುಲಭ. ಜೊತೆಗೆ ಐದು ಅಕ್ಷರ ಬಂದ ಕೂಡಲೇ ಮಗುವಿಗೆ ಶಬ್ದಗಳು ಸಿಗುತ್ತವೆ. ಸರ, ಅರಸ, ಅಗಸ, ಗರಗಸ. ಅ ಆ ಇ ಈ ಪೂರ್ತಿ ಬಾಯಿಪಾಠ ಆದರೂ ಅದರಿಂದ ಒಂದು ಮಾತು ಕಟ್ಟಲು ಆಗುವುದಿಲ್ಲ, ಅಲ್ವಾ?

ಹೋದ ವರ್ಷ ಹೀಗೇ ಒಬ್ಬ ತಾಯಿ ಕೇಳಿ ಹೋಗಿ ಒಂದು ವಾರ ಆಗಿತ್ತು. ಸಂಜೆ ಬಸ್ ಸ್ಟಾಪಿನಲ್ಲಿ ಮತ್ತೆ ಸಿಕ್ಕರು. ಮಗಳು ಅವರ ಸೆರಗು ಹಿಡಿದು ನಿಂತಿದ್ದಳು. ಬಸ್ ಬಂತು. ಬೋರ್ಡಿನ ಮೇಲೆ ಎರಡು ಊರಿನ ಹೆಸರು. ಹುಬ್ಬಳ್ಳಿಯಲ್ಲಿ ಎರಡು ಒತ್ತಕ್ಷರ, ಅದನ್ನು ಹುಡುಗಿ ಬಿಟ್ಟಳು. ಎರಡನೆಯ ಹೆಸರಿನ ಕಡೆ ಬೆರಳು ಮಾಡಿ "ಗ... ದ... ಗ" ಅಂದಳು. ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಿದಳು, "ಯವ್ವಾ, ಗದಗ! ಆಯಿ ಊರು!"

ಆ ಸುಮ್ಮನಾದ ಗಳಿಗೆ ಇದೆಯಲ್ಲ, ಒಂದನೇತ್ತಾದ ದೊಡ್ಡ ಪಾಠ ನಡೆಯುವುದು ಅಲ್ಲೇ. ಮೂರು ಸದ್ದು ಸೇರಿ ಅವಳ ಅಜ್ಜಿಯ ಊರಾಯಿತು. ನಮ್ಮ ಭಾಗದ ಮಕ್ಕಳಿಗೆ ಇದೊಂದು ಭಾಗ್ಯ. ಈ ಐದೇ ಅಕ್ಷರದಲ್ಲಿ ಗದಗವೂ ಇದೆ, ರಾಷ್ಟ್ರಧ್ವಜದ ಖಾದಿ ನೇಯುವ ನಮ್ಮ ಗರಗವೂ ಇದೆ. ಕಾರ್ಡಿನಲ್ಲಿ ಇರಲಿ ಬಿಡಲಿ, ನಾನು ಈ ಎರಡೂ ಹೆಸರನ್ನು ಹಲಗೆಯ ಮೇಲೆ ಬರೆದೇ ಬರೆಯುತ್ತೇನೆ.

ಇನ್ನು ಕೈ. ಆರು ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿಯುವುದು ದೊಡ್ಡ ಕೆಲಸ. ಶಾಲೆ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಎರೆಮಣ್ಣು ನಾದಿ ಎತ್ತಿನ ಕೊಂಬು ತಿದ್ದುವ ಮಗು ಬರವಣಿಗೆಗೇ ತಯಾರಾಗುತ್ತಿರುತ್ತದೆ. ಅದಕ್ಕೇ ಆ ವಾರ ನಾನು ಪಾಟಿ ಮುಟ್ಟಿಸುವುದಿಲ್ಲ, ಮಣ್ಣು ಕೊಡುತ್ತೇನೆ. ಅಂಗಿ ಹೊಲಸಾಯಿತು ಅಂತ ಮನೆಯಲ್ಲಿ ಬೈಯಬೇಡಿ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ. ಕಾರ್ಡಿನಲ್ಲಿ ಮನೆಯ ಚಿತ್ರ ಇರುತ್ತದೆ, ಕೆಳಗೆ 'ಮನೆ' ಅಂತ ಬರೆದಿರುತ್ತದೆ. ಮಗು ಓದುತ್ತದೆ, "ಮನಿ". ಇದು ತಪ್ಪೇ? ಧಾರವಾಡ ಸೀಮೆಯ ಮಾತಿನಲ್ಲಿ ಕೊನೆಯ 'ಎ' ಹೋಗಿ 'ಇ' ಆಗುತ್ತದೆ. ತಲೆ ತಲಿ, ಎಲೆ ಎಲಿ, ಕುದುರೆ ಕುದರಿ, ಶಾಲೆ ಸಾಲಿ. ಮಗು ತಪ್ಪು ಮಾಡಿಲ್ಲ. ಅರ್ಥ ಹಿಡಿದು, ತನ್ನ ಅವ್ವನ ಬಾಯಲ್ಲಿ ಓದಿದೆ. "ಮನಿ ಅಲ್ಲ, ಮನೆ ಅನ್ನು" ಅಂತ ಗದರಿದರೆ ನಾಳೆಯಿಂದ ಅದು ಬಾಯಿ ತೆರೆಯುವುದಿಲ್ಲ. ಹಾಗೆ ಗದರಿ ಬಾಯಿ ಮುಚ್ಚಿಸಿದ ಮಕ್ಕಳನ್ನು ನಾನು ನನ್ನ ಮೊದಲ ವರ್ಷಗಳಲ್ಲಿ ಕಂಡಿದ್ದೇನೆ. ಗದರಿದ್ದು ನಾನೇ. ಈಗ ಹಾಗೆ ಮಾಡುವುದಿಲ್ಲ. "ಹೌದು, ಮನಿ. ಪುಸ್ತಕದಾಗ ಮನೆ ಅಂತಾರ" ಅನ್ನುತ್ತೇನೆ. ದೀಪಾವಳಿ ಹೊತ್ತಿಗೆ ಮಕ್ಕಳು ತಾವಾಗಿಯೇ ಓದುವಾಗ ಮನೆ, ಆಡುವಾಗ ಮನಿ ಅನ್ನುತ್ತಾರೆ. ನಮ್ಮ ಒಂದನೇತ್ತಾದ ಮಗು ಒಂದೇ ವರ್ಷದಲ್ಲಿ ಎರಡು ಕನ್ನಡ ಕಲಿಯುತ್ತದೆ.

ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿಗೆ ಇದು ಇನ್ನೂ ಕಷ್ಟ. ಅವ್ವನನ್ನು 'ಯಾಡಿ' ಅನ್ನುವ ಮಗುವಿಗೆ 'ಅಮ್ಮ' ಅಂತ ಬರೆಯಿಸಿದರೆ ಅದಕ್ಕೆ ಯಾರೂ ನೆನಪಾಗುವುದಿಲ್ಲ. 19ನೇ ಶತಮಾನದಲ್ಲಿ ನಮ್ಮ ಕನ್ನಡದ ಮಕ್ಕಳೂ ಇದೇ ಸ್ಥಿತಿಯಲ್ಲಿದ್ದರು. ಈ ಭಾಗದ ಶಾಲೆಗಳಲ್ಲಿ ಮರಾಠಿಯಲ್ಲಿ ಪಾಠ ನಡೆಯುತ್ತಿತ್ತು. ಆಗ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆ ತೆರೆಸಿದರು. ಅವರ ಶ್ರಮ ನೆನೆಯುವ ನಾವು ತಾಂಡಾದ ಮಗು ಬಾಯಿ ಬಿಡದೆ ಕೂತರೆ ದಡ್ಡ ಅನ್ನಬಾರದು.

ಲೆಕ್ಕದ ಮಾತು. ಇಪ್ಪತ್ತಮೂರು ಬರಿ ಅಂದರೆ ಎಷ್ಟೋ ಮಕ್ಕಳು 203 ಬರೆಯುತ್ತಾರೆ. ಅಪ್ಪಂದಿರು ಪಾಟಿ ನೋಡಿ ತಲೆಗೆ ಕೈ ಹಚ್ಚುತ್ತಾರೆ. ಸ್ವಲ್ಪ ತಡೆಯಿರಿ. ಇಪ್ಪತ್ತು ಅಂದದ್ದಕ್ಕೆ 20 ಬರೆಯಿತು, ಮೂರು ಅಂದದ್ದಕ್ಕೆ 3 ಬರೆಯಿತು. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ. ಗೊತ್ತಾಗಬೇಕಾದದ್ದು ಹತ್ತರ ಕಟ್ಟು. ಕಸಬರಿಗೆ ಕಡ್ಡಿ ಮುರಿದು ಹತ್ತತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿಸಿ. ಎರಡು ಕಟ್ಟು, ಮೂರು ಬಿಡಿ ಕಡ್ಡಿ. ಕಟ್ಟಿನ ಕೆಳಗೆ 2, ಬಿಡಿ ಕಡ್ಡಿಯ ಕೆಳಗೆ 3. ನಾಲ್ಕೈದು ದಿನ ಮಗು ತಾನೇ ಕಟ್ಟಿ, ತಾನೇ ಬಿಚ್ಚಲಿ. ಕಟ್ಟುವ ಕೆಲಸ ನೀವು ಮಾಡಿಕೊಡಬೇಡಿ, ಕಲಿಯುವುದು ಆ ಕಟ್ಟುವುದರಲ್ಲೇ.

ವರ್ಷದ ಕೊನೆಗೆ ಮಗು ಎಲ್ಲಿಗೆ ಮುಟ್ಟಬೇಕು? 2021ರಲ್ಲಿ ಬಂದ ನಿಪುಣ್ ಭಾರತ್ ಯೋಜನೆಯ ಪ್ರಕಾರ, ಒಂದನೇ ತರಗತಿ ಮುಗಿಸಿದ ಮಗು ನಾಲ್ಕೈದು ಸರಳ ಶಬ್ದಗಳಿರುವ ಹೊಸ ವಾಕ್ಯ ಓದಬೇಕು, 99ರವರೆಗೆ ಅಂಕಿ ಓದಿ ಬರೆಯಬೇಕು, ಸಣ್ಣ ಕೂಡುವ ಕಳೆಯುವ ಲೆಕ್ಕ ಮಾಡಬೇಕು. ಇಷ್ಟೇ. ಇಂಗ್ಲಿಷ್ ಪದ್ಯ ಎಷ್ಟು ಬರುತ್ತದೆ ಅನ್ನುವುದು ಇದರಲ್ಲಿಲ್ಲ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ರಾತ್ರಿ ಒಂಬತ್ತರವರೆಗೆ ಬರೆಯಿಸುವವರಿದ್ದಾರೆ. ದಯವಿಟ್ಟು ಬೇಡ. ಅದರ ಬದಲು ರೊಟ್ಟಿ ಬಡಿಯುವಾಗ ಎಷ್ಟಾಯಿತು ಅಂತ ಎಣಿಸಲು ಹೇಳಿ. ಮಲಗುವಾಗ ಒಂದು ಕಥೆ ಹೇಳಿ. ಓದಲು ಬಾರದ ತಾಯಂದಿರೂ ಇಷ್ಟು ಮಾಡಬಹುದು.

ಯಾವ ಕಾರ್ಡಿನಲ್ಲೂ ಬರೆಯದ ಕಲಿಕೆ ಇನ್ನೂ ಜಾಸ್ತಿ. ಚಡ್ಡಿಯ ಗುಂಡಿ ಹಾಕಿಕೊಳ್ಳುವುದು. ಊಟದ ತಟ್ಟೆ ತೊಳೆಯುವುದು. ಎರಡನೇತ್ತಾದ ಅಕ್ಕನ ಹತ್ತಿರ ಹೇಳಿಸಿಕೊಳ್ಳುವುದು. ಒಂದಕ್ಕೆ ಹೋಗಬೇಕು ಅಂತ ಹೆದರದೆ ಕೇಳುವುದು. ನಗಬೇಡಿ, ಇದು ಬಾರದೆ ಅಳುವ ಮಕ್ಕಳು ಪ್ರತಿವರ್ಷ ಇರುತ್ತಾರೆ.

ತಾಂಡಾದ ಒಬ್ಬ ಹುಡುಗಿ ಜೂನ್‌ನಿಂದ ದಸರಾ ರಜೆಯವರೆಗೂ ಒಂದೇ ಒಂದು ಮಾತು ಆಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ದಿನಾ ಪಕ್ಕದಲ್ಲಿ ಕೂಡಿಸಿಕೊಂಡು, ಅವಳ ಮಾತಿನ ಒಂದೊಂದು ಶಬ್ದ ಅವಳ ಅಣ್ಣನಿಂದ ಕಲಿತು ಆಡುತ್ತಿದ್ದೆ. ರಜೆ ಮುಗಿದು ಮೂರನೆಯ ದಿನ. ಕ್ಷೀರಭಾಗ್ಯದ ಹಾಲಿಗೆ ಮಕ್ಕಳೆಲ್ಲ ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬ ಹುಡುಗ ನಡುವೆ ನುಗ್ಗಿದ. ಅವಳು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ನನ್ನ ಮುಖ ನೋಡಿ, ಸ್ಪಷ್ಟವಾಗಿ ಹೇಳಿದಳು:

"ಅಕ್ಕೋರೇ, ಈಗ ನನ್ನ ಪಾಳಿ."